ಸುಲಿತದ ಮಣೆ, ಮನೆಯ ಚಿಂತೆ: ಸೊಂಟ ನೋವನ್ನು ಬಿಡಿಸಿಕೊಳ್ಳುವ ಕ್ರಮ

ದೀಪಾವಳಿ ಕಳೆದು ಅಡಿಕೆ ಕೊಯ್ಲು ಶುರುವಾಯಿತೆಂದರೆ ಶಿವಮೊಗ್ಗದ ನನ್ನ ಫಿಸಿಯೋಥೆರಪಿ ಕೋಣೆಯ ಹೊರಗಿನ ಬೆಂಚು ತುಂಬುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುತ್ತಾರೆ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ಎಂಆರ್‌ಐ ಫಿಲ್ಮಿನ ದೊಡ್ಡ ಕವರು. ಕೂರುವ ಮೊದಲೇ ಹೇಳುವ ಮಾತು ಒಂದೇ: "ಡಿಸ್ಕ್ ಜಾರಿದೆಯಂತೆ." ಕವರು ಬಿಚ್ಚುವ ಮುಂಚೆ ನಾನು ಎರಡು ಪ್ರಶ್ನೆ ಕೇಳುತ್ತೇನೆ. ದಿನಕ್ಕೆ ಎಷ್ಟು ಹೊತ್ತು, ಹೇಗೆ ಕೂರುತ್ತೀರಿ? ಈ ವರ್ಷ ಮನೆಯಲ್ಲಿ ಎಂತ ನಡೆದಿದೆ? ಮೊದಲನೆಯದಕ್ಕೆ ಉತ್ತರ ಸರಾಗವಾಗಿ ಬರುತ್ತದೆ. ಎರಡನೆಯದಕ್ಕೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಕೆಲವರು ಕೇಳಿಯೇಬಿಡುತ್ತಾರೆ, "ನೋವಿರೋದು ಸೊಂಟದಲ್ಲಿ ಮೇಡಂ, ಮನೆ ಸುದ್ದಿ ಯಾಕೆ?"

ಯಾಕೆಂದು ನನಗೆ ಕಲಿಸಿದವರು ನಮ್ಮ ಚಿಕ್ಕಮ್ಮ. ಮೂವತ್ತು ವರ್ಷ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದವರು, ಒಂದು ದಿನವೂ ಸೊಂಟ ನೋವೆಂದವರಲ್ಲ. ತೋಟ ಪಾಲಾದ ವರ್ಷ ಅದೇ ಮಣೆ, ಅದೇ ಕತ್ತಿ, ಅಡಿಕೆ ಮಾತ್ರ ಮೊದಲಿನ ಅರ್ಧ. ಆದರೂ ಎದ್ದು ನಿಲ್ಲಲಾಗದಷ್ಟು ನೋವು. ತಪಾಸಣೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. "ನಿಮಗೇನೂ ಆಗಿಲ್ಲ, ಎಲ್ಲ ಮನಸ್ಸಿಂದು" ಎಂದು ಒಂದು ಕಡೆ ಕಳಿಸಿಬಿಟ್ಟರು. ಆ ರಾತ್ರಿ ಫೋನಿನಲ್ಲಿ ಅತ್ತರು. "ನಾನು ಸುಳ್ಳು ಹೇಳ್ತಿದೀನಿ ಅಂದ್ಕಂಡ್ರಲ್ಲೇ ಮಗಾ" ಅನ್ನುವುದು ಅವರಿಗೆ ಸೊಂಟಕ್ಕಿಂತ ಹೆಚ್ಚು ನೋಯುತ್ತಿತ್ತು.

ಅವರು ಸುಳ್ಳು ಹೇಳುತ್ತಿರಲಿಲ್ಲ. ಆ ವರ್ಷ ಎರಡು ಸಂಗತಿ ಒಟ್ಟಿಗೆ ನಡೆದಿದ್ದವು. ಪಾಲಿನ ಪಂಚಾಯ್ತಿಯಲ್ಲಿ ಮೂರು ತಿಂಗಳು ಅವರು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಜೊತೆಗೆ ಸೊಪ್ಪಿನ ಬೆಟ್ಟ ಇನ್ನೊಬ್ಬರ ಪಾಲಿಗೆ ಹೋಗಿ, ದಿನಾ ಬೆಟ್ಟ ಹತ್ತಿ ಸೊಪ್ಪು, ದರಗು (ಉದುರಿದ ಒಣ ಎಲೆ) ತರುತ್ತಿದ್ದ ಕೆಲಸ ನಿಂತುಹೋಗಿತ್ತು. ಆ ಏರು ಹತ್ತುವ ಕೆಲಸವೇ ಇಷ್ಟು ವರ್ಷ ಅವರ ಸೊಂಟವನ್ನು ಕಾಪಾಡಿದ್ದು ಎಂದು ನಮಗೆ ಆಮೇಲೆ ಹೊಳೆಯಿತು. ಅವರ ಜೊತೆ ಕೂತು ಮಾಡಿದ್ದನ್ನೇ ಈಗ ಬೆಂಚಿನಲ್ಲಿ ಕೂತವರಿಗೂ ಹೇಳುತ್ತೇನೆ. ಅದನ್ನೇ ಇಲ್ಲಿ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಒಳಗೆ ನಡೆಯುವುದೇನು

ಸೊಂಟದ ಭಾಗದಲ್ಲಿ ಬೆನ್ನುಮೂಳೆಯ ಐದು ಮಣಿಗಳಿವೆ. ಅವುಗಳ ಪಕ್ಕದಿಂದ ಹೊರಟು, ಹೊಟ್ಟೆಯ ಒಳಗಿಂದಲೇ ಇಳಿದು ತೊಡೆಯ ಮೂಳೆಗೆ ಅಂಟುವ ಸ್ನಾಯುವಿನ ಹೆಸರು ಸೋವಾಸ್. ಮಣೆಯ ಮೇಲಾಗಲಿ, ಆಫೀಸಿನ ಕುರ್ಚಿಯಲ್ಲಾಗಲಿ, ಬಸ್ಸಿನ ಡ್ರೈವರ್ ಸೀಟಿನಲ್ಲಾಗಲಿ ಗಂಟೆಗಟ್ಟಲೆ ಕೂತವರಲ್ಲಿ ಅದು ಮಡಚಿಕೊಂಡ ಸ್ಥಿತಿಯಲ್ಲೇ ಇರುತ್ತದೆ, ಬರಬರುತ್ತಾ ಬಿಗಿಯಾಗುತ್ತದೆ. ಅದೇ ಹೊತ್ತಿಗೆ ಹಿಂದಿನ ಕುಂಡಿಯ ಸ್ನಾಯುಗಳಿಗೆ ಕೆಲಸವೇ ಇಲ್ಲ. (ಕ್ಲಿನಿಕ್ಕಿನಲ್ಲಿ ಎಲ್ಲರೂ ನಾಚಿಕೊಂಡು "ಹಿಂಭಾಗ" ಅನ್ನುತ್ತಾರೆ. ದೇಹದ ಅತಿ ದೊಡ್ಡ ಸ್ನಾಯು ಅದು, ಹೆಸರು ಹಿಡಿದು ಹೇಳೋಣ.) ಎದ್ದು ನಿಲ್ಲುವಾಗ, ಏರು ಹತ್ತುವಾಗ, ಬಗ್ಗಿ ಎತ್ತುವಾಗ ಮುಖ್ಯ ಬಲ ಕೊಡಬೇಕಾದದ್ದು ಕುಂಡಿ, ಮುಂದಿನಿಂದ ಆಧಾರ ಕೊಡಬೇಕಾದದ್ದು ಹೊಟ್ಟೆಯ ಸ್ನಾಯು. ನಾಲ್ವರು ಹೊರುವ ಹೊರೆಗೆ ಇಬ್ಬರು ಕೈ ಬಿಟ್ಟರೆ ಉಳಿದವರ ಸೊಂಟ ಮುರಿಯುತ್ತದಲ್ಲ, ಹಾಗೆ ಬೆನ್ನುಮೂಳೆಯ ಆಚೀಚಿನ ಸ್ನಾಯುಗಳು ಎಲ್ಲವನ್ನೂ ಹೊತ್ತು ಬಳಲುತ್ತವೆ. ಚೆಕ್ ದೇಶದ ವೈದ್ಯ ವ್ಲಾಡಿಮಿರ್ ಯಾಂಡಾ (1928–2002) ಇದನ್ನು ಕತ್ತರಿಯ ಹಾಗೆ ಚಿತ್ರಿಸಿದರು: ಒಂದು ಗೆರೆಯಲ್ಲಿ ಬಿಗಿದ ಸೋವಾಸ್ ಮತ್ತು ಬಿಗಿದ ಬೆನ್ನು, ಅದನ್ನು ಅಡ್ಡ ಹಾಯುವ ಗೆರೆಯಲ್ಲಿ ಸೋತ ಹೊಟ್ಟೆ ಮತ್ತು ಸೋತ ಕುಂಡಿ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. "ನಿಮ್ಮ ಸೊಂಟ ಓರೆಯಾಗಿದೆ, ಅದಕ್ಕೇ ನೋವು" ಎಂದು ಯಾರಾದರೂ ಕನ್ನಡಿ ಮುಂದೆ ನಿಲ್ಲಿಸಿ ಹೆದರಿಸಿದರೆ ನಂಬಬೇಡಿ. ಓರೆ, ಡೊಂಕು, ಬಾಗು ನೋವಿಲ್ಲದವರಲ್ಲೂ ಧಾರಾಳವಾಗಿ ಇರುತ್ತದೆ. ಸ್ನಾಯುಗಳ ಅಸಮತೋಲ ನೋವಿನ ಕಾರಣಗಳಲ್ಲಿ ಒಂದಾಗಬಹುದು, ಅದೊಂದೇ ಅಲ್ಲ. ಎಂಆರ್‌ಐ ವಿಚಾರವೂ ಹೀಗೇ. ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ ನೋಡಿದ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ಐವತ್ತರ ಪ್ರಾಯದವರಲ್ಲಿ 80 ಶೇಕಡಾ ಜನರ ಡಿಸ್ಕು (ಮಣಿಗಳ ನಡುವಿನ ಮೆತ್ತೆ) ಸವೆದಿತ್ತು, 60 ಶೇಕಡಾ ಜನರದ್ದು ಉಬ್ಬಿತ್ತು. ಅವರಿಗೆ ನೋವಿರಲಿಲ್ಲ. ತಲೆಗೂದಲು ನರೆತ ಹಾಗೆ ಡಿಸ್ಕೂ ನರೆಯುತ್ತದೆ.

ಇನ್ನು ಮನಸ್ಸು. ಚಿಂತೆ ಬಂದಾಗ ದೇಹ ಏಟು ತಡೆಯಲು ಸಿದ್ಧವಾಗುತ್ತದೆ: ದವಡೆ ಕಚ್ಚುತ್ತದೆ, ಹೆಗಲು ಮೇಲೇರುತ್ತದೆ, ಬೆನ್ನು ಬಿಗಿಯುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಓಡಾಡುತ್ತದೆ. ಎದೆಗೂ ಹೊಟ್ಟೆಗೂ ನಡುವೆ ಇದ್ದು ನಮ್ಮನ್ನು ಉಸಿರಾಡಿಸುವ ಸ್ನಾಯು ವಪೆ, ಅದರ ಬೇರುಗಳು ಸೊಂಟದ ಮೇಲಿನ ಮಣಿಗಳಿಗೇ ಅಂಟಿಕೊಂಡಿವೆ. ಉಸಿರು ಮತ್ತು ಸೊಂಟ ಅಕ್ಕಪಕ್ಕದ ಮನೆಯವರು. ಏಟು ಬಂದು ಹೋಗುವಂಥದ್ದಾದರೆ ಬಿಗಿತವೂ ಹೋಗುತ್ತದೆ. ಪಾಲು, ಎಲೆಚುಕ್ಕಿ ರೋಗ, ಬಗರ್ ಹುಕುಂ ಅರ್ಜಿ, ಬೆಳೆಸಾಲದ ಕಂತು ಹಾಗೆ ಬಂದುಹೋಗುವಂಥವಲ್ಲ. ತಿಂಗಳುಗಟ್ಟಲೆ ಬಿಗಿದ ಸ್ನಾಯು ನೋಯುತ್ತದೆ, ನೋವು ನಿದ್ದೆ ಕೆಡಿಸುತ್ತದೆ, ನಿದ್ದೆಗೆಟ್ಟ ದೇಹಕ್ಕೆ ಸಣ್ಣ ನೋವೂ ದೊಡ್ಡದಾಗುತ್ತದೆ.

ಕೆಲವು ತಿಂಗಳಾದ ಮೇಲೆ ನರಮಂಡಲವೇ ಬದಲಾಗುತ್ತದೆ. ಒಮ್ಮೆ ಅಂಗಳಕ್ಕೆ ಚಿರತೆ ಬಂದುಹೋದ ಮನೆಯ ನಾಯಿಯನ್ನು ನೋಡಿದ್ದೀರಾ? ಆಮೇಲೆ ಅದು ಅಡಿಕೆ ಹಾಳೆ ಬಿದ್ದರೂ ಬೊಗಳುತ್ತದೆ. ನಾಯಿ ಸುಳ್ಳು ಬೊಗಳುತ್ತಿಲ್ಲ, ಅದರ ಹೆದರಿಕೆ ನಿಜ. ಆದರೆ ಅಂಗಳದಲ್ಲಿ ಈಗ ಚಿರತೆಯಿಲ್ಲ. ಹಳೆಯ ಸೊಂಟ ನೋವು ಎಷ್ಟೋ ಸಲ ಆ ಬೊಗಳುವಿಕೆ. "ಮನಸ್ಸಿನಿಂದ ಬಂದದ್ದು" ಎಂಬ ಮಾತನ್ನು "ಇಲ್ಲದ ನೋವು" ಎಂದು ಯಾರೂ ತಿಳಿಯಬಾರದು, ವೈದ್ಯರಂತೂ ಹಾಗೆ ಹೇಳಲೇಬಾರದು. ಅಮೆರಿಕದ ಬೋಯಿಂಗ್ ವಿಮಾನ ಕಾರ್ಖಾನೆಯ 3,020 ನೌಕರರ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆಲಸದಲ್ಲಿ ಸಂತೋಷವೇ ಇಲ್ಲವೆಂದವರು ಬೆನ್ನು ನೋವೆಂದು ಬಂದದ್ದು ಕೆಲಸದಲ್ಲಿ ಹೆಚ್ಚುಕಡಿಮೆ ಯಾವಾಗಲೂ ಸಂತೋಷವೆಂದವರಿಗಿಂತ 2.5 ಪಟ್ಟು ಹೆಚ್ಚು. ಅವರೂ ಸುಳ್ಳು ಹೇಳುತ್ತಿರಲಿಲ್ಲ.

ಹೆಜ್ಜೆ 1: ಮೊದಲು ಅಪಾಯ ಇಲ್ಲವೆಂದು ಖಚಿತ ಮಾಡಿಕೊಳ್ಳಿ

ಹತ್ತರಲ್ಲಿ ಒಂಬತ್ತು ಸೊಂಟ ನೋವಿಗೆ ಮೂಳೆ ಮುರಿತ, ಸೋಂಕು, ಗೆಡ್ಡೆಯಂಥ ನಿರ್ದಿಷ್ಟ ರೋಗ ಕಾರಣವಾಗಿರುವುದಿಲ್ಲ. ಆ ಹತ್ತನೆಯದನ್ನು ಬಿಡುವಂತಿಲ್ಲ. ತೊಡೆಗಳ ಸಂದಿಯಲ್ಲಿ, ಸೈಕಲ್ ಸೀಟಿನ ಮೇಲೆ ಕೂತರೆ ತಾಗುವ ಜಾಗದಲ್ಲಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಕಾಲಿನ ಬಲ ದಿನದಿನಕ್ಕೆ ಕುಂದಿದರೆ ಅದೇ ದಿನ, ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆಳಗಿನ ಬಸ್ಸಿಗೆ ಕಾಯಬಾರದು. ಮರದಿಂದ ಬಿದ್ದ ಮೇಲಿನ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರ ನೋವು, ಬಹಳ ಕಾಲ ಸ್ಟೆರಾಯ್ಡ್ ಮಾತ್ರೆ ತಿಂದವರ ನೋವು, ತೂಕ ಇಳಿಯುತ್ತಾ ಸಂಜೆ ಜ್ವರ ಬರುವ ನೋವು (ಬೆನ್ನುಮೂಳೆಯ ಕ್ಷಯ ನಮ್ಮಲ್ಲಿ ಇನ್ನೂ ಇದೆ), ಇವಕ್ಕೂ ವೈದ್ಯರೇ ಬೇಕು. ಪ್ರಾಯದ ಹುಡುಗರಿಗೆ ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಸೊಂಟ ಮರಗಟ್ಟಿ, ಓಡಾಡಿದರೆ ಸಡಿಲವಾಗುತ್ತಿದ್ದರೆ ಅದು ಸಂಧಿವಾತದ ಒಂದು ಬಗೆ ಇರಬಹುದು, ತೋರಿಸಿ.

ಮಲೆನಾಡಿನವರಿಗೆ ಇನ್ನೊಂದು ಮಾತು. ಜ್ವರದ ಜೊತೆ ಸೊಂಟ, ಮೈಕೈ ಸಿಡಿಯುತ್ತಿದ್ದರೆ ಅದನ್ನು ಕೆಲಸದ ನೋವೆಂದು ತಿಕ್ಕುತ್ತಾ ಕೂರಬೇಡಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗಿನ ತಿಂಗಳುಗಳಲ್ಲಿ, ಸೊಪ್ಪು ದರಗಿಗೆ ಕಾಡಿಗೆ ಹೋಗಿಬಂದವರಿಗೆ ಅದು ಹೀಗೇ ಶುರುವಾಗುತ್ತದೆ. ಮಳೆಗಾಲದಲ್ಲಿ ಗದ್ದೆಯ ನೀರಿನಲ್ಲಿ ನಿಂತವರಿಗೆ ಬರುವ ಇಲಿ ಜ್ವರವೂ ಹಾಗೆಯೇ, ಸೊಂಟ ಮತ್ತು ಮೀನಖಂಡ ಹಿಂಡುತ್ತದೆ.

ಹೆಜ್ಜೆ 2: ಏಳು ದಿನ ಬರೆಯಿರಿ

ಇದನ್ನು ಬಿಟ್ಟು ಮುಂದಕ್ಕೆ ಹೋಗುವವರೇ ಹೆಚ್ಚು. ದಯವಿಟ್ಟು ಬಿಡಬೇಡಿ, ನನ್ನ ಅನುಭವದಲ್ಲಿ ಇಡೀ ಕ್ರಮದ ಜೀವ ಇರುವುದು ಇಲ್ಲಿ.

ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟ ಸಾಕು. ಬೆಳಿಗ್ಗೆ, ಮಧ್ಯಾಹ್ನ, ಮಲಗುವ ಮುಂಚೆ, ಹೀಗೆ ದಿನಕ್ಕೆ ಮೂರು ಸಲ ನಾಲ್ಕು ಸಂಗತಿ ಬರೆಯಿರಿ. ಹತ್ತರಲ್ಲಿ ನೋವು ಎಷ್ಟು. ಹಿಂದಿನ ಎರಡು ಗಂಟೆ ದೇಹ ಏನು ಮಾಡುತ್ತಿತ್ತು. ಆ ಹೊತ್ತಿನಲ್ಲಿ ತಲೆಯಲ್ಲಿ ಏನಿತ್ತು, ಯಾರ ಜೊತೆ ಮಾತಾಯಿತು. ಹಿಂದಿನ ರಾತ್ರಿ ನಿದ್ದೆ ಹೇಗೆ. ಚೆಂದವಾಗಿ ಬರೆಯಬೇಕಿಲ್ಲ. ಬರೆಯಲು ಬಾರದವರ ಬದಲು ಮೊಮ್ಮಕ್ಕಳು ಬರೆದರೂ ಆಗುತ್ತದೆ. ಆದರೆ ಮನಸ್ಸಿನ ಕಾಲಂ ಮಾತ್ರ ತಮಗೇ ತಿಳಿಯುವ ಒಂದು ಗುರುತು ಹಾಕಿಕೊಂಡರೆ ಒಳ್ಳೆಯದು. ಮನೆಮಂದಿ ಓದುತ್ತಾರೆಂದರೆ ಯಾರೂ ನಿಜ ಬರೆಯುವುದಿಲ್ಲ.

ಚಿಕ್ಕಮ್ಮನ ಪುಟ ನನಗೆ ಇನ್ನೂ ನೆನಪಿದೆ. ಭಾನುವಾರ ಪಕ್ಕದ ಮನೆಯವರೂ ಸೇರಿ ನಾಲ್ಕು ಗಂಟೆ ಸುಲಿತ, ಮಾತು, ನಗು, ನೋವು 3. ಮಂಗಳವಾರ ಸುಲಿತವೇ ಇಲ್ಲ, ಮಧ್ಯಾಹ್ನವೆಲ್ಲ ಮಲಗಿದ್ದು, ನೋವು 8. ಆ ದಿನದ ಮೂರನೇ ಕಾಲಂನಲ್ಲಿ ಎರಡೇ ಪದ: "ಸರ್ವೆ ಫೋನು." ಅಳತೆಗೆ ಬರುತ್ತೇವೆಂದು ಕರೆ ಬಂದಿತ್ತು. ಅವರು ಆ ಎರಡು ಸಾಲನ್ನು ಬೆರಳಿಟ್ಟು ತಾವೇ ಓದಿ, ಸ್ವಲ್ಪ ಹೊತ್ತು ಬಿಟ್ಟು, "ಹೌದನೇ, ಕೂತಿದ್ದಕ್ಕಲ್ಲ ಹಾಗಾದ್ರೆ" ಎಂದರು. ನಾನು ಎಷ್ಟು ವಿವರಿಸಿದ್ದರೂ ಆ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ.

ಎಲ್ಲರ ಪುಟವೂ ಹೀಗೆ ಇರುವುದಿಲ್ಲ. ಆಗುಂಬೆ ಘಾಟಿಯಲ್ಲಿ ದಿನಾ ಬಸ್ಸು ಇಳಿಸಿ ಹತ್ತಿಸುವ ಡ್ರೈವರೊಬ್ಬರ ಪುಟದಲ್ಲಿ ನೋವು ಏರುತ್ತಿದ್ದದ್ದು ಸೀಟಿನಲ್ಲಿ ಮೂರನೇ ಗಂಟೆಗೆ, ಮನಸ್ಸು ಹೇಗಿದ್ದರೂ. ಅಂಥವರು ಮುಂದಿನ ಹೆಜ್ಜೆಗಳಲ್ಲಿ ದೇಹದ ಕಡೆ ಹೆಚ್ಚು ಒತ್ತು ಕೊಡಲಿ. ಹೆಚ್ಚಿನವರದು ಎರಡೂ ಬೆರೆತದ್ದು.

ಹೆಜ್ಜೆ 3: ಮನೆಯಲ್ಲೇ ಮೂರು ಪರೀಕ್ಷೆ

ಮಂಚದ ಅಂಚಿನಲ್ಲಿ ಕೂತು ಹಾಗೇ ಹಿಂದಕ್ಕೆ ಮಲಗಿ. ಒಂದು ಮೊಣಕಾಲನ್ನು ಎರಡೂ ಕೈಯಲ್ಲಿ ಎದೆಗೆ ಎಳೆದುಕೊಳ್ಳಿ, ಇನ್ನೊಂದು ಕಾಲು ಅಂಚಿನಿಂದ ಜೋತಾಡಲಿ. ಜೋತಾಡುವ ಕಾಲಿನ ತೊಡೆ ಮಂಚದ ಮಟ್ಟಕ್ಕೆ ಇಳಿಯದೆ ಮೇಲೆಯೇ ನಿಂತರೆ ಆ ಬದಿಯ ಸೋವಾಸ್ ಬಿಗಿದಿದೆ. ಎರಡೂ ಬದಿ ನೋಡಿ. ಒಂದು ಬದಿ ಹೆಚ್ಚು ಬಿಗಿ ಇರುವುದು ಸಾಮಾನ್ಯ.

ಎರಡನೆಯದು: ಚಾಪೆಯ ಮೇಲೆ ಅಂಗಾತ ಮಲಗಿ ಮೊಣಕಾಲು ಮಡಚಿ, ಪಾದ ನೆಲಕ್ಕೂರಿ, ಕುಂಡಿಯನ್ನು ಮೇಲೆತ್ತಿ ಹತ್ತು ಎಣಿಸುವವರೆಗೆ ಹಿಡಿಯಿರಿ. ಯಾವ ಜಾಗಕ್ಕೆ ಕೆಲಸ ಬಿತ್ತು? ಕುಂಡಿ ಗಟ್ಟಿಯಾಗಿದ್ದರೆ ಸರಿ. ತೊಡೆಯ ಹಿಂದೆ ಸೆಳೆತ ಹಿಡಿದರೆ ಅಥವಾ ಸೊಂಟದಲ್ಲೇ ಭಾರ ಅನಿಸಿದರೆ ಕುಂಡಿ ಮಲಗಿದೆ.

ಮೂರನೆಯದಕ್ಕೆ ಸೀದಾ ಇರುವ ಒಂದು ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಬೇಕು. ಬೆನ್ನ ಹಿಂದೆ ಉದ್ದಕ್ಕೆ ಹಿಡಿದು, ತಲೆ, ಬೆನ್ನಿನ ಮೇಲ್ಭಾಗ, ಬಾಲದ ಮೂಳೆ ಮೂರಕ್ಕೂ ತಾಗಿಸಿಕೊಳ್ಳಿ. ಈಗ ಮುಂದಕ್ಕೆ ಬಗ್ಗಿ. ದಬ್ಬೆ ಎಲ್ಲಿಯೂ ಬಿಟ್ಟುಕೊಳ್ಳದೆ, ಕುಂಡಿ ಹಿಂದಕ್ಕೆ ಹೋಗಿ, ತೊಡೆಯ ಸಂದಿನಲ್ಲಿ ಬಾಗಿದರೆ ನಿಮಗೆ ಬಗ್ಗಲು ಬರುತ್ತದೆ. ಬಾಲದ ಮೂಳೆಯಿಂದಲೋ ತಲೆಯಿಂದಲೋ ದಬ್ಬೆ ಬಿಟ್ಟುಕೊಂಡರೆ ನೀವು ಬಗ್ಗುತ್ತಿರುವುದು ಸೊಂಟದಲ್ಲಿ. ನಾಟಿ ಗದ್ದೆಯಲ್ಲಿ ಬೆಳೆದ ಹಳೆಯ ಹೆಂಗಸರು ಎಷ್ಟು ಚೆನ್ನಾಗಿ ಈ ಪರೀಕ್ಷೆ ಪಾಸಾಗುತ್ತಾರೆಂದರೆ ನನಗೇ ಆಶ್ಚರ್ಯ. ಬೆಂಗಳೂರಿನಿಂದ ರಜೆಗೆ ಬಂದ ಅವರ ಮಕ್ಕಳೇ ಸೋಲುವುದು.

ಹೆಜ್ಜೆ 4: ಮೊದಲ ವಾರ ಬರೀ ಉಸಿರು ಮತ್ತು ಸಡಿಲ

ಬಿಗಿದ ಮೈಗೆ ನೇರವಾಗಿ ಕಸರತ್ತು ಹೇರಿದರೆ ಇನ್ನಷ್ಟು ಬಿಗಿಯುತ್ತದೆ. ಬಚ್ಚಲ ಹಂಡೆಯ ಬಿಸಿನೀರನ್ನು ಸೊಂಟಕ್ಕೆ ಹೊಯ್ದುಕೊಂಡು ಬಂದು ಚಾಪೆಯ ಮೇಲೆ ಅಂಗಾತ ಮಲಗಿ, ಮೀನಖಂಡವನ್ನು ಸ್ಟೂಲಿನ ಮೇಲಿಡಿ. ಒಂದು ಕೈ ಹೊಟ್ಟೆಯ ಮೇಲೆ. ನಾಲ್ಕು ಎಣಿಸುತ್ತಾ ಮೂಗಿನಿಂದ ಎಳೆದುಕೊಳ್ಳಿ, ಕೈ ಮೇಲೇಳಲಿ. ಆರು ಎಣಿಸುತ್ತಾ ಬಿಡಿ. ಐದು ನಿಮಿಷ. ಉದ್ದವಾಗಿ ಬಿಟ್ಟ ಉಸಿರೇ ದೇಹಕ್ಕೆ "ಚಿರತೆ ಹೋಯಿತು" ಎಂದು ಹೇಳುವುದು. ಆಮೇಲೆ ಪಾದದಿಂದ ಶುರುಮಾಡಿ ಒಂದೊಂದೇ ಭಾಗವನ್ನು ಐದು ಸೆಕೆಂಡು ಬಿಗಿ ಹಿಡಿದು ಪೂರ್ತಿ ಬಿಟ್ಟುಬಿಡಿ: ಮೀನಖಂಡ, ತೊಡೆ, ಕುಂಡಿ, ಹೊಟ್ಟೆ, ಮುಷ್ಟಿ, ಹೆಗಲು, ದವಡೆ. ದವಡೆ ಬಿಡುವಾಗ ಹಲವರಿಗೆ ಕಣ್ಣು ತುಂಬುತ್ತದೆ. ಬರಲಿ, ತಡೆಯಬೇಡಿ.

ಇದಕ್ಕೆ ಎರಡು ಹಿಗ್ಗಿಸುವಿಕೆ ಸೇರಿಸಿ. ಒಂದು ಮೊಣಕಾಲು ನೆಲಕ್ಕೂರಿ (ಕೆಳಗೆ ಮಡಚಿದ ಕಂಬಳಿ ಇರಲಿ), ಇನ್ನೊಂದು ಪಾದ ಮುಂದಿಟ್ಟು, ಕುಂಡಿಯನ್ನು ಬಿಗಿ ಹಿಡಿದುಕೊಂಡೇ ಸೊಂಟವನ್ನು ನಿಧಾನ ಮುಂದಕ್ಕೆ ತನ್ನಿ. ಊರಿದ ಕಾಲಿನ ತೊಡೆಯ ಮೇಲ್ಭಾಗದಲ್ಲಿ ಎಳೆತ ಸಿಗಬೇಕು. ಬೆನ್ನು ಹಿಂದಕ್ಕೆ ಬಾಗಿಸಿ ಮೋಸ ಮಾಡಿಕೊಳ್ಳಬಾರದು. ಮೂವತ್ತು ಸೆಕೆಂಡು, ಪ್ರತಿ ಬದಿ ಮೂರು ಸಲ. ಇನ್ನೊಂದು, ಅಂಗಾತ ಮಲಗಿ ಪಾದಕ್ಕೆ ಟವೆಲ್ ಹಾಕಿ ಕಾಲನ್ನು ಮೇಲೆಳೆಯುವುದು, ಅಷ್ಟೇ ಹೊತ್ತು.

ಬೆಳಿಗ್ಗೆ ಎದ್ದ ಕೂಡಲೇ ಬಗ್ಗುವ ವ್ಯಾಯಾಮ ಬೇಡ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ. ಮೊದಲ ಒಂದು ಗಂಟೆ ಅಂಗಳ ಗುಡಿಸುವುದು, ಕೊಟ್ಟಿಗೆಯ ಸಗಣಿ ಬಾಚುವುದು ಇವನ್ನು ಬೇರೆ ಯಾರಾದರೂ ಮಾಡಲಿ, ಅಥವಾ ಒಂದು ಗಂಟೆ ತಡವಾಗಲಿ. ಮನೆಯ ಗಂಡಸರು ಇಲ್ಲಿ ಎದ್ದು ಬಂದರೆ ಅರ್ಧ ಔಷಧಿ ಕೊಟ್ಟ ಹಾಗೆ.

ಹೆಜ್ಜೆ 5: ಎರಡನೇ ವಾರದಿಂದ ಬಲ

ನಾಲ್ಕೇ ವ್ಯಾಯಾಮ, ವಾರಕ್ಕೆ ನಾಲ್ಕೈದು ದಿನ. ಪರೀಕ್ಷೆಯಲ್ಲಿ ಮಾಡಿದ ಕುಂಡಿ ಎತ್ತುವುದು: ಐದು ಸೆಕೆಂಡು ಹಿಡಿದು ಹತ್ತು ಸಲ, ಎರಡು ಸುತ್ತು. ಪಕ್ಕಕ್ಕೆ ಮಲಗಿ ಮೊಣಕಾಲು ಮಡಚಿ, ಹಿಮ್ಮಡಿಗಳನ್ನು ಜೋಡಿಸಿಟ್ಟುಕೊಂಡೇ ಮೇಲಿನ ಮೊಣಕಾಲನ್ನು ಕಪ್ಪೆಚಿಪ್ಪು ಬಾಯಿ ತೆರೆದ ಹಾಗೆ ತೆರೆಯುವುದು: ಪ್ರತಿ ಬದಿ ಹನ್ನೆರಡು. ನಾಲ್ಕು ಕಾಲಿನ ಮೇಲೆ ನಿಂತು ಬಲಗೈ ಎಡಗಾಲು, ಆಮೇಲೆ ಎಡಗೈ ಬಲಗಾಲು ಚಾಚುವುದು: ಬೆನ್ನ ಮೇಲೆ ತುಂಬಿದ ಚೊಂಬು ಇಟ್ಟಿದ್ದಾರೆಂದುಕೊಳ್ಳಿ, ಅದು ಚೆಲ್ಲಬಾರದು, ಎಂಟು ಸೆಕೆಂಡು, ಆರು ಸಲ. ಕೊನೆಯದು ದಬ್ಬೆ ಹಿಡಿದು ಬಗ್ಗುವ ಅಭ್ಯಾಸ, ಹತ್ತು ಸಲ. ಮಾಡುವಾಗ ನೋವು ಹತ್ತರಲ್ಲಿ ಮೂರು ನಾಲ್ಕರವರೆಗೆ ಏರಿ, ಮಾರನೇ ಬೆಳಿಗ್ಗೆಯೊಳಗೆ ಇಳಿದರೆ ಹೆದರಬೇಕಿಲ್ಲ. ಕಾಲಿಗೆ ಇಳಿಯುವ ನೋವು ಹೆಚ್ಚಿದರೆ ನಿಲ್ಲಿಸಿ, ತೋರಿಸಿ.

ಯಾವ ವ್ಯಾಯಾಮ ಎಲ್ಲಕ್ಕಿಂತ ಮೇಲು ಎಂದು ಕೇಳಬೇಡಿ, ಬಿಡದೆ ಮಾಡುವಂಥದ್ದೇ ಮೇಲು. ಯೋಗ ಬರುವವರು ಯೋಗ ಮಾಡಿ.

ನಡಿಗೆಯನ್ನು ಮಾತ್ರ ಯಾರೂ ಬಿಡಬಾರದು. ಬೆನ್ನು ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನ 2024ರಲ್ಲಿ ಪ್ರಕಟವಾಗಿದೆ. ಫಿಸಿಯೋ ಹೇಳಿಕೊಟ್ಟಂತೆ ನಡಿಗೆ ಹೆಚ್ಚಿಸುತ್ತಾ ಹೋದವರಲ್ಲಿ ನೋವು ಮರಳುವ ಮುಂಚಿನ ಅವಧಿ ಸುಮಾರು 208 ದಿನ, ಸುಮ್ಮನಿದ್ದವರಲ್ಲಿ 112. ಐದು ನಿಮಿಷದಿಂದ ಶುರುಮಾಡಿ, ಕೆಲವು ತಿಂಗಳಲ್ಲಿ ಅರ್ಧ ಗಂಟೆ, ವಾರಕ್ಕೆ ಐದು ದಿನದವರೆಗೆ ತನ್ನಿ. ಹುಲಿಕಲ್, ಆಗುಂಬೆ ಕಡೆಯ ಆಷಾಢದ ಮಳೆಯಲ್ಲಿ ನಡೆಯುವುದೆಲ್ಲಿ ಎನ್ನುತ್ತೀರಿ, ಗೊತ್ತು. ಉದ್ದ ಜಗಲಿಯ ಮನೆಯವರು ಜಗಲಿಯಲ್ಲೇ ನಡೆಯಿರಿ. ಮಳೆಗಾಲಕ್ಕೆ ಸೊಂಟ ಹಿಡಿಯುವುದು ತಂಡಿಗೆ ಎನ್ನುತ್ತಾರೆ. ನಾಲ್ಕು ತಿಂಗಳು ಒಲೆಯ ಮುಂದೆ ಕೂತೇ ಕಳೆಯುವುದರ ಪಾಲೂ ಅದರಲ್ಲಿ ದೊಡ್ಡದಿದೆ ಎಂದು ನನ್ನ ಅನಿಸಿಕೆ. ಚಿಕ್ಕಮ್ಮನಿಗೆ ಬೆಟ್ಟ ಹೋದರೇನು, ಬೆಟ್ಟದ ದಾರಿ ಇತ್ತು. ಬರಿಗೈಯಲ್ಲಿ ಅದನ್ನೇ ಹತ್ತಿ ಇಳಿಯಲು ಹೇಳಿದೆ. ಮೊದಲ ವಾರ ಅವಮಾನವಾಗುತ್ತದೆಂದು ಹೋಗಲಿಲ್ಲ. ಆಮೇಲೆ ಸಂಜೆಗತ್ತಲಲ್ಲಿ ಹೋದರು, ಆಮೇಲೆ ಹಗಲಲ್ಲೇ.

ಬೆಲ್ಟು ದೂರದ ಪ್ರಯಾಣಕ್ಕೆ ಸರಿ, ದಿನವಿಡೀ ಬೇಡ. ಅಂಗಡಿಯಲ್ಲಿ ಕೇಳಿ ತರುವ ನೋವಿನ ಮಾತ್ರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು. ಬಿಪಿ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಹೆಜ್ಜೆ 6: ಕೆಲಸವನ್ನು ಬಿಡಬೇಡಿ, ತಿದ್ದಿ

20 ನಿಮಿಷ ಪೂರ್ತಿ ಬಾಗಿ ಕೂತರೆ ಬೆನ್ನಿನ ಹಿಂದಿನ ಬಂಧನಗಳು ಜಗ್ಗಿಕೊಳ್ಳುತ್ತವೆ. ಎದ್ದ ಮೇಲೆ ಎರಡು ನಿಮಿಷದಲ್ಲಿ ಅರ್ಧ ಹಿಂದಕ್ಕೆ ಬಂದರೂ ಅರ್ಧ ಗಂಟೆ ಕಳೆದರೂ ಪೂರ್ತಿ ಮೊದಲಿನಂತಾಗುವುದಿಲ್ಲ. ಹಾಗಾಗಿ ಸುಲಿತ ಮುಗಿಸಿ ಎದ್ದ ಕೈಯಲ್ಲೇ ಅಡಿಕೆ ಮೂಟೆ ಎತ್ತುವುದು, ನಾಟಿಯಿಂದ ಬದುವಿಗೆ ಹತ್ತಿದವರೇ ಸಸಿ ಹೊರೆ ಹೊರುವುದು ಸೊಂಟಕ್ಕೆ ಅತ್ಯಂತ ಕೆಟ್ಟದ್ದು. ನಡುವೆ ಹತ್ತು ನಿಮಿಷ ಓಡಾಡಿ. ಮಣೆಯ ಎತ್ತರವನ್ನು ಒಂದು ಗೇಣು ಏರಿಸಿ, ಕುಂಡಿಯ ಕೆಳಗೆ ಮಡಚಿದ ಗೋಣಿ ಇಟ್ಟರೂ ಆದೀತು. ಮೊಣಕಾಲಿಗಿಂತ ಸೊಂಟ ಮೇಲಿರಬೇಕು. ಅರ್ಧ ಗಂಟೆಗೊಮ್ಮೆ ಎದ್ದು ಸೊಂಟಕ್ಕೆ ಕೈಯಿಟ್ಟು ಐದು ಸಲ ಹಿಂದಕ್ಕೆ ಬಾಗಿ. ಫೈಬರ್ ದೋಟಿ ಹಿಡಿದು ಕೊನೆ ಕೊಯ್ಯುವವರ ತೊಂದರೆ ಇದಕ್ಕೆ ತದ್ವಿರುದ್ಧ, ಅವರು ಇಡೀ ದಿನ ಹಿಂದಕ್ಕೆ ಬಾಗಿಯೇ ಇರುತ್ತಾರೆ. ಒಂದು ಕಾಲು ಮುಂದಿಟ್ಟು ನಿಂತು, ಹೊಟ್ಟೆಯನ್ನು ಸ್ವಲ್ಪ ಬಿಗಿ ಹಿಡಿಯಿರಿ. ಪ್ರತಿ ಹತ್ತು ಮರಕ್ಕೊಮ್ಮೆ ಕುಕ್ಕರಗಾಲಿನಲ್ಲಿ ಕೂತು ಏಳಿ.

ಹೆಜ್ಜೆ 7: ಮೂರನೇ ಕಾಲಂಗೆ ಉತ್ತರ

ಪುಸ್ತಕದ ಮೂರನೇ ಕಾಲಂನಲ್ಲಿ ಮತ್ತೆ ಮತ್ತೆ ಬಂದದ್ದನ್ನು ಒಂದು ಹಾಳೆಗೆ ಇಳಿಸಿ. ಎರಡು ಭಾಗ ಮಾಡಿ: ಈ ವಾರ ಏನಾದರೂ ಮಾಡಬಹುದಾದದ್ದು, ಮಾಡಲಾಗದ್ದು. ಮೊದಲ ಭಾಗದ ಒಂದೇ ಒಂದು ಕೆಲಸವನ್ನು ದಿನ ಗೊತ್ತುಮಾಡಿ ಮುಗಿಸಿ: ಬ್ಯಾಂಕಿಗೆ ಹೋಗಿ ಕಂತಿನ ಲೆಕ್ಕ ಕೇಳುವುದು, ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಎಲ್ಲಿದೆಯೆಂದು ವಿಚಾರಿಸುವುದು. ಎರಡನೇ ಭಾಗಕ್ಕೆ ಸಂಜೆ ಇಪ್ಪತ್ತು ನಿಮಿಷ ಮೀಸಲಿಡಿ. ಚಿಂತೆ ರಾತ್ರಿ ಎರಡಕ್ಕೆ ಬಂದರೆ "ನಾಳೆ ಸಂಜೆ ಬಾ" ಎಂದು ಕಳಿಸಿ. ಮೊದಮೊದಲು ಹೋಗುವುದಿಲ್ಲ, ಎರಡು ಮೂರು ವಾರದಲ್ಲಿ ಹೋಗಲು ಕಲಿಯುತ್ತದೆ.

ಹೇಳಿಕೊಳ್ಳಲು ಒಬ್ಬರು ಬೇಕು. ನಮ್ಮ ಕಡೆ ಇದೇ ಕಷ್ಟ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ತೋಟ, ಒಂದು ಗುಡ್ಡ. ಮಕ್ಕಳು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಇಬ್ಬರೇ. ಊರಲ್ಲೇ ಉಳಿದ ಹುಡುಗನಿಗೆ ಹೆಣ್ಣು ಸಿಗುತ್ತಿಲ್ಲ, ಅವನು ಆ ಮಾತನ್ನು ಯಾರ ಹತ್ತಿರವೂ ಆಡುವುದಿಲ್ಲ, "ಸೊಂಟ ನೋವು" ಎಂದು ನನ್ನ ಹತ್ತಿರ ಬರುತ್ತಾನೆ. ಮನೆಯಲ್ಲಿ ಯಾರಿಗೂ ಹೇಳಲಾಗದಿದ್ದರೆ 14416ಕ್ಕೆ ಫೋನು ಮಾಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಅದು, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದಿನದ 24 ಗಂಟೆಯೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡುತ್ತಾರೆ. ಎರಡು ವಾರಕ್ಕೂ ಹೆಚ್ಚು ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರದು, ಬದುಕು ಸಾಕೆನಿಸುತ್ತದೆ ಎಂದಿದ್ದರೆ ಸೊಂಟವನ್ನು ಬದಿಗಿಟ್ಟು ಮೊದಲು ಮನೋವೈದ್ಯರನ್ನು ಕಾಣಿ. ನಾನು ಹಾಗೆ ಕಳಿಸಿದ ಹಲವರ ಸೊಂಟ ಆ ಚಿಕಿತ್ಸೆಯಲ್ಲೇ ಹಗುರಾಗಿದೆ.

ನೋವಿನ ಬಗ್ಗೆ ಇರುವ ಹೆದರಿಕೆಯನ್ನೇ ಇಳಿಸುವ ಚಿಕಿತ್ಸೆಯೊಂದನ್ನು ಅಮೆರಿಕದ ಕೊಲರಾಡೊದಲ್ಲಿ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ವೈದ್ಯರು ಮೊದಲೇ ತಪಾಸಣೆ ಮಾಡಿದ್ದ ಹಳೆಯ ಬೆನ್ನು ನೋವಿನವರು ಅವರು. ನಾಲ್ಕು ವಾರ "ನೋವು ನಿಜ, ಆದರೆ ಬೆನ್ನು ಮುರಿದಿಲ್ಲ" ಎಂಬುದನ್ನು ಮೆದುಳಿಗೆ ಮನದಟ್ಟು ಮಾಡಿಸಿದ ಮೇಲೆ 66 ಶೇಕಡಾ ಜನರಿಗೆ ನೋವು ಹೋಗಿತ್ತು ಅಥವಾ ಹೋದಂತೆಯೇ ಆಗಿತ್ತು. ಎಂದಿನ ಚಿಕಿತ್ಸೆಯಲ್ಲೇ ಮುಂದುವರಿದವರಲ್ಲಿ 10 ಶೇಕಡಾ. ಮನೆಯಲ್ಲಿ ನೀವು ಮಾಡಬಹುದಾದದ್ದು ಇಷ್ಟು: ನೋವು ಚುಚ್ಚಿದಾಗ ಉಸಿರು ಹಿಡಿಯದೆ, "ಇದು ಬೊಗಳುವಿಕೆ, ಅಂಗಳದಲ್ಲಿ ಚಿರತೆಯಿಲ್ಲ" ಎಂದುಕೊಂಡು, ಮಾಡುತ್ತಿದ್ದ ಕೆಲಸವನ್ನು ನಿಧಾನವಾಗಿ ಮುಗಿಸುವುದು. ನಾಯಿಗೆ ಹೊಡೆದರೆ ಬೊಗಳು ನಿಲ್ಲುವುದಿಲ್ಲ, ಹತ್ತಿರ ಕೂತು ಬೆನ್ನು ಸವರಬೇಕು.

ಹೆಜ್ಜೆ 8: ಮತ್ತೆ ಹಿಡಿದಾಗ

ಹಿಡಿಯುತ್ತದೆ. ಚಿಕ್ಕಮ್ಮನಿಗೂ ಮರುವರ್ಷ ಪಾಲುಪತ್ರಕ್ಕೆ ಸಹಿ ಹಾಕುವ ವಾರ ಮತ್ತೆ ಹಿಡಿಯಿತು. ಆಗ ಅವರು ಮಾಡಿದ್ದನ್ನೇ ನೀವೂ ಮಾಡಿ. ಮಲಗಬೇಕೆನಿಸಿದರೆ ಒಂದು ದಿನ, ಹೆಚ್ಚೆಂದರೆ ಎರಡು. ಅದಕ್ಕಿಂತ ಹೆಚ್ಚು ಮಲಗಿದಷ್ಟೂ ಏಳುವುದು ತಡ. ಆ ಎರಡು ದಿನವೂ ಗಂಟೆಗೊಮ್ಮೆ ಎದ್ದು ಜಗಲಿಯ ಈ ತುದಿಯಿಂದ ಆ ತುದಿಗೆ ಹೋಗಿ ಬನ್ನಿ. ಹಂಡೆಯ ಬಿಸಿನೀರು, ಸ್ಟೂಲಿನ ಮೇಲೆ ಕಾಲಿಟ್ಟು ಉಸಿರು, ದಿನಕ್ಕೆ ಮೂರು ಸಲ. ಮೂರನೇ ದಿನ ಕುಂಡಿ ಎತ್ತುವ ವ್ಯಾಯಾಮ ಐದೇ ಸಲ, ಒಂದು ವಾರದಲ್ಲಿ ಮೊದಲಿನ ಲೆಕ್ಕಕ್ಕೆ. ಪುಸ್ತಕವನ್ನು ಮತ್ತೆ ತೆರೆದು ಏಳು ದಿನ ಬರೆಯಿರಿ. ಉಳುಕು ತೆಗೆಯುತ್ತೇನೆಂದು ಬೆನ್ನ ಮೇಲೆ ತುಳಿಯುವವರ ಹತ್ತಿರ ಹೋಗಬೇಡಿ.

ಹೊಸದಾಗಿ ಹಿಡಿದ ಸೊಂಟ ಹೆಚ್ಚಿನವರಿಗೆ ನಾಲ್ಕರಿಂದ ಆರು ವಾರದಲ್ಲಿ ಬಿಡುತ್ತದೆ. ಆರು ವಾರ ಈ ಕ್ರಮವನ್ನು ಬಿಡದೆ ಮಾಡಿಯೂ ಇಳಿಯದಿದ್ದರೆ ವೈದ್ಯರಿಗೋ ಫಿಸಿಯೋಗೋ ತೋರಿಸಿ. ಹೋಗುವಾಗ ಎಂಆರ್‌ಐ ಕವರಿನ ಜೊತೆ ಆ ಲೆಕ್ಕದ ಪುಸ್ತಕವನ್ನೂ ತೆಗೆದುಕೊಂಡು ಹೋಗಿ.